ಕಿರ್ಗಿಸ್ತಾನ: ಶುಲ್ಕದ ಪಟ್ಟಿಗೆ ಮೊದಲು ದೇಶವನ್ನು ಓದಿ

ಲಂಡನ್ನಿನ ಕ್ಯಾನರಿ ವಾರ್ಫ್‌ನಲ್ಲಿ ಯುರೋಪಿನ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕಿನ ಕೇಂದ್ರ ಕಚೇರಿಯಿದೆ. ಹಳೆಯ ಸೋವಿಯತ್ ಬಣದ ದೇಶಗಳ ಆರ್ಥಿಕ ಪರಿವರ್ತನೆಗಾಗಿ 1991ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ 2018ರಿಂದ ಭಾರತವೂ ಪಾಲುದಾರ. ಅದರ ನೆರವು ಪಡೆಯುವ ದೇಶಗಳಲ್ಲಿ ಕಿರ್ಗಿಸ್ತಾನವೂ ಒಂದು. ಅದೇ ದೇಶ ನಮ್ಮ ಅನೇಕ ಮನೆಗಳಿಗೆ ಪರಿಚಯವಾಗಿರುವುದು ಮಾತ್ರ ಕಡಿಮೆ ಖರ್ಚಿನ ಎಂಬಿಬಿಎಸ್ ಮೂಲಕ. ಅಲ್ಲಿ ಓದಿ, ಮುಂದೆ ಬ್ರಿಟನ್ನಿನಲ್ಲಿ ವೈದ್ಯರಾಗಬಹುದೆಂಬ ಲೆಕ್ಕಾಚಾರವೂ ಕೆಲವರಲ್ಲಿದೆ.

ವಿಸ್ತೀರ್ಣದಲ್ಲಿ ಕಿರ್ಗಿಸ್ತಾನ ಕರ್ನಾಟಕಕ್ಕಿಂತ ತುಸು ದೊಡ್ಡದು: ಸುಮಾರು 2 ಲಕ್ಷ ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 70 ಲಕ್ಷ. 2011ರ ಗಣತಿಯ ಬೆಂಗಳೂರು ನಗರಕ್ಕಿಂತಲೂ ಕಡಿಮೆ. ನೆಲದ ಶೇ 90ಕ್ಕೂ ಹೆಚ್ಚು ಭಾಗ ಪರ್ವತಗಳು, ಸಮುದ್ರದ ದಾರಿಯಿಲ್ಲ. 1991ರ ಆಗಸ್ಟ್ 31ರಂದು ಸ್ವತಂತ್ರವಾದ ಈ ದೇಶದ ರಾಜಧಾನಿ ಬಿಷ್ಕೆಕ್, ಸೋವಿಯತ್ ಕಾಲದಲ್ಲಿ ಫ್ರುಂಜೆ ಎನಿಸಿಕೊಂಡಿತ್ತು.

ಆರ್ಥಿಕತೆಗೆ ಎರಡು ಮುಖ್ಯ ಆಧಾರಗಳಿವೆ. ಒಂದು, ಕುಮ್ತೋರ್ ಚಿನ್ನದ ಗಣಿ. 2021ರಲ್ಲಿ ಸರ್ಕಾರ ಅದರ ನಿಯಂತ್ರಣವನ್ನು ಕೆನಡಾದ ಕಂಪನಿಯಿಂದ ಕಿತ್ತುಕೊಂಡಿತು. ಇನ್ನೊಂದು, ಮುಖ್ಯವಾಗಿ ರಷ್ಯಾದಲ್ಲಿ ದುಡಿಯುವವರು ಮನೆಗೆ ಕಳುಹಿಸುವ ಹಣ. ಬ್ರಿಟನ್ನಿನ ತೋಟಗಳಲ್ಲಿ ಹಣ್ಣು ಕೀಳಲು ಆರು ತಿಂಗಳ ಹಂಗಾಮಿ ವೀಸಾದಲ್ಲಿ ಬರುವವರಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಕಿರ್ಗಿಜರ ಸಂಖ್ಯೆ ದೊಡ್ಡದು. ತನ್ನ ಯುವಜನರಿಗೆ ಸಾಕಷ್ಟು ಉದ್ಯೋಗ ನೀಡಲಾಗದ ದೇಶಕ್ಕೆ ನಮ್ಮ ಮಕ್ಕಳು ಪದವಿಗಾಗಿ ಹೋಗುತ್ತಿದ್ದಾರೆ. ವಿದೇಶಿ ವಿದ್ಯಾರ್ಥಿಗಳ ಶುಲ್ಕವೂ ಅಲ್ಲಿಗೆ ಒಂದು ಆದಾಯ ಎಂಬುದನ್ನು ಪೋಷಕರು ಮನಗಾಣಬೇಕು.

ರಾಜಕೀಯ ಸ್ಥಿರತೆಯೂ ಗಟ್ಟಿಯಾಗಿಲ್ಲ. 2005, 2010 ಮತ್ತು 2020ರಲ್ಲಿ ಜನರ ದಂಗೆ ಅಧ್ಯಕ್ಷರನ್ನು ಅಧಿಕಾರದಿಂದ ಇಳಿಸಿತು. 2024ರ ಮೇ ತಿಂಗಳಲ್ಲಿ, ಹೊಡೆದಾಟವೊಂದರ ವಿಡಿಯೊ ಹರಡಿದ ಬಳಿಕ, ಬಿಷ್ಕೆಕ್‌ನ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಗುಂಪುಗಳು ದಾಳಿ ನಡೆಸಿದವು. ಹೊರಗೆ ಬರದಿರುವಂತೆ ಭಾರತೀಯ ರಾಯಭಾರ ಕಚೇರಿ ವಿದ್ಯಾರ್ಥಿಗಳಿಗೆ ಸೂಚಿಸಬೇಕಾಯಿತು.

ಹಣಕಾಸಿನ ವಿಚಾರದಲ್ಲಿಯೂ ಎಚ್ಚರ ಅಗತ್ಯ. ರಷ್ಯಾದ ಯುದ್ಧ ಸಾಮಗ್ರಿ ಖರೀದಿಗೆ ನೆರವಾದ ಆರೋಪದ ಮೇಲೆ ಬ್ರಿಟನ್ 2025ರ ಆಗಸ್ಟ್‌ನಲ್ಲಿ ಕಿರ್ಗಿಸ್ತಾನದ ಕ್ಯಾಪಿಟಲ್ ಬ್ಯಾಂಕ್ ಮೇಲೆ ನಿರ್ಬಂಧ ಹೇರಿತು. ಲಂಡನ್ನಿನಲ್ಲಿರುವ ಬಂಧುಗಳು ಶುಲ್ಕ ಕಳುಹಿಸುವ ಮುನ್ನ, ಹಣ ಯಾವ ಬ್ಯಾಂಕಿಗೆ ಸೇರುತ್ತದೆಂದು ಪರಿಶೀಲಿಸುವುದು ಒಳಿತು.

ಪದವಿ ಮುಗಿದ ಮೇಲಿನ ಹಾದಿಯೂ ಸುಗಮವಲ್ಲ. ಭಾರತದ 2021ರ ನಿಯಮಾವಳಿಯ ಪ್ರಕಾರ ಕೋರ್ಸು ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಆ ಪದವಿ ಅಲ್ಲಿನ ಪ್ರಜೆಗಳಂತೆಯೇ ಅಲ್ಲಿ ವೃತ್ತಿ ನಡೆಸುವ ಅರ್ಹತೆ ನೀಡಬೇಕು. ಬಳಿಕ ಭಾರತದಲ್ಲಿ ಅರ್ಹತಾ ಪರೀಕ್ಷೆ, ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಪಾಠ ಇಂಗ್ಲಿಷಿನಲ್ಲಿದ್ದರೂ ಅಲ್ಲಿನ ರೋಗಿಗಳ ಮಾತು ಕಿರ್ಗಿಜ್ ಅಥವಾ ರಷ್ಯನ್. ಅದನ್ನು ಕಲಿಯದವರಿಗೆ ವಾರ್ಡಿನ ಅನುಭವ ದಕ್ಕುವುದು ಕಷ್ಟ. ಬ್ರಿಟನ್ನಿಗೆ ಬರುವವರು ಸಾಮಾನ್ಯವಾಗಿ ಇಂಗ್ಲಿಷ್ ಪರೀಕ್ಷೆ ಮತ್ತು ಎರಡು ಹಂತದ ಪ್ಲ್ಯಾಬ್ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ದೊರೆತ ಮಾತ್ರಕ್ಕೆ ಉದ್ಯೋಗ ದೊರೆಯುವುದಿಲ್ಲ.

ಹೀಗೆಂದು ಕಿರ್ಗಿಸ್ತಾನಕ್ಕೆ ಹೋಗಲೇಬಾರದೆಂದು ಅರ್ಥವಲ್ಲ. ಶ್ರದ್ಧೆಯಿಂದ ಓದಿ ಮರಳಿ ವೈದ್ಯರಾದವರೂ ಇದ್ದಾರೆ. ಆದರೆ ಜಮೀನು ಅಡವಿಟ್ಟು ಹಣ ಹೊಂದಿಸುವ ಕುಟುಂಬ, ಮಧ್ಯವರ್ತಿಯ ಕರಪತ್ರವನ್ನಷ್ಟೇ ನಂಬಿ ಹೆಜ್ಜೆಯಿಡಬಾರದು. ಇಂಟರ್ನ್‌ಶಿಪ್, ವೃತ್ತಿಪರವಾನಗಿ, ಹಾಸ್ಟೆಲಿನ ಭದ್ರತೆ, ಹಣ ಪಾವತಿಯ ಮಾರ್ಗ, ಈ ನಾಲ್ಕಕ್ಕೆ ಲಿಖಿತ ಉತ್ತರ ದೊರೆತ ಬಳಿಕವೇ ಮುಂಗಡ ಕಟ್ಟುವುದು ವಿವೇಕ.