ಫಲಿತಾಂಶಕ್ಕಾಗಿ ಮಕ್ಕಳ ನಿದ್ದೆ ಕಸಿಯಬೇಡಿ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43. ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳಲ್ಲಿ ಕಟ್ಟಕಡೆಯ ಸ್ಥಾನ. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12 ಪಡೆದಿತ್ತು. ಇಂಥ ಅಂತರ ಕಣ್ಣಿಗೆ ಬಿದ್ದಾಗಲೆಲ್ಲ ಮೊದಲು ಹೊಳೆಯುವ ಉಪಾಯವೆಂದರೆ ಮಕ್ಕಳ ಓದಿಗೆ ಇನ್ನಷ್ಟು ಗಂಟೆ ಸೇರಿಸುವುದು. ಶಾಲೆಗೆ ಮುಂಚೆ ಒಂದು ವಿಶೇಷ ತರಗತಿ, ಶಾಲೆ ಬಿಟ್ಟ ಮೇಲೆ ಇನ್ನೊಂದು, ರಾತ್ರಿ ಗುಂಪು ಅಧ್ಯಯನ, ನಸುಕಿನಲ್ಲಿ ಶಿಕ್ಷಕರೇ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವುದು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಇವು ವರ್ಷಗಳಿಂದ ನಡೆದುಬಂದಿವೆ. ಹೀಗೆ ದುಡಿಯುವ ಶಿಕ್ಷಕರ ಕಾಳಜಿ ದೊಡ್ಡದು, ಸಂಬಳದ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಆದರೆ ದಿನಕ್ಕಿರುವುದು ಇಪ್ಪತ್ನಾಲ್ಕೇ ಗಂಟೆ. ಅಫಜಲಪುರ ತಾಲ್ಲೂಕಿನ, ಭೀಮಾತೀರದ ಮಣ್ಣೂರಿನಲ್ಲಾಗಲಿ, ಆಳಂದ ಅಥವಾ ಜೇವರ್ಗಿಯ ಹಳ್ಳಿಯಲ್ಲಾಗಲಿ, ಹತ್ತನೇ ತರಗತಿಯ ಹುಡುಗಿಯೊಬ್ಬಳ ದಿನದಲ್ಲಿ ಶಾಲೆಯ ಹೊತ್ತನ್ನು ಕಡಿಮೆ ಮಾಡಲಾಗದು, ಮನೆಗೆಲಸ ತಪ್ಪದು, ಬಿತ್ತನೆ–ಹತ್ತಿ ಬಿಡಿಸುವ ಕಾಲದಲ್ಲಿ ಹೊಲವೂ ತಪ್ಪದು. ಉಳಿಯುವುದು ನಿದ್ದೆಯೊಂದೇ. ಕೊನೆಗೆ ಕೈಹಾಕುವುದೂ ಅದಕ್ಕೇ. ನಿದ್ದೆ ಓದಿನದೇ ಉತ್ತರಾರ್ಧ, ಅದನ್ನು ಕತ್ತರಿಸಿದರೆ ಹಗಲೆಲ್ಲ ಓದಿದ್ದೂ ದಂಡ ಎಂಬುದು ನನ್ನ ವಾದ. ಹಿಂದುಳಿದ ಜಿಲ್ಲೆಗೆ ಈ ನಷ್ಟ ತಡೆದುಕೊಳ್ಳುವ ಶಕ್ತಿ ಎಲ್ಲರಿಗಿಂತ ಕಡಿಮೆ.

ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಒಂದು ಅಳತೆ ಪ್ರಕಟಿಸಿತು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹತ್ತೂವರೆಗೆ ಮಲಗಿ ನಾಲ್ಕಕ್ಕೆ ಏಳುವ ಮಗುವಿಗೆ ಸಿಗುವುದು ಐದೂವರೆ ಗಂಟೆ. ಬದಲಿಗೆ ಎರಡು ಗಂಟೆ ಹೆಚ್ಚು ಓದಿತಲ್ಲ ಎನ್ನುವವರು ಲಾಸ್ ಏಂಜಲೀಸ್ ಪ್ರದೇಶದ ಪ್ರೌಢಶಾಲೆಗಳಲ್ಲಿ ನಡೆದ ಅಧ್ಯಯನವೊಂದನ್ನು ಗಮನಿಸಬೇಕು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 535 ವಿದ್ಯಾರ್ಥಿಗಳು ಹದಿನಾಲ್ಕು ದಿನ ತಾವು ಎಷ್ಟು ಓದಿದೆವು, ಎಷ್ಟು ಮಲಗಿದೆವು, ಮರುದಿನ ತರಗತಿಯಲ್ಲಿ ಏನಾಯಿತು ಎಂದು ದಿನಚರಿ ಬರೆದರು. ತನ್ನ ವಾಡಿಕೆಗಿಂತ ಹೆಚ್ಚು ಓದಲು ನಿದ್ದೆ ಬಿಟ್ಟ ದಿನದ ಮರುದಿನ, ಅದೇ ವಿದ್ಯಾರ್ಥಿಗೆ ಪಾಠ ಅರ್ಥವಾಗದಿರುವುದು, ಪರೀಕ್ಷೆಯಲ್ಲಿ ತಡವರಿಸುವುದು ಹೆಚ್ಚಾಯಿತು. ಇಲ್ಲಿ ಜಾಣರನ್ನು ದಡ್ಡರೊಂದಿಗೆ, ಉಳ್ಳವರನ್ನು ಬಡವರೊಂದಿಗೆ ಹೋಲಿಸಿಲ್ಲ. ಒಬ್ಬರದೇ ಒಂದು ದಿನವನ್ನು ಅವರದೇ ಇನ್ನೊಂದು ದಿನದೊಂದಿಗೆ ಹೋಲಿಸಿದ್ದಾರೆ. ಆದ್ದರಿಂದ ‘ನಮ್ಮ ಮಕ್ಕಳ ಕತೆ ಬೇರೆ’ ಎಂದು ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಇದಕ್ಕೆ ಕಾರಣ ಮಿದುಳಿನ ಕೆಲಸದ ಕ್ರಮದಲ್ಲಿದೆ. ಎಚ್ಚರವಿದ್ದಾಗ ಕಲಿತದ್ದನ್ನು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಗಾಢನಿದ್ದೆಯಲ್ಲಿ ಅದೇ ಚಟುವಟಿಕೆ ಮರುಕಳಿಸಿ, ನೆನಪು ನಿಧಾನವಾಗಿ ಮಿದುಳಿನ ಹೊರಪದರದಲ್ಲಿ ನೆಲೆಯೂರುತ್ತದೆ. 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು, ಕಲಿತ ಮೇಲೆ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆ ಎಂದು ತೋರಿಸಿದ್ದರು. ಮಣ್ಣಿನ ಗೋಡೆ ಕಟ್ಟುವವರು ಒಂದು ವರಸೆ ಆರುವ ತನಕ ಮೇಲಿನ ವರಸೆ ಇಡುವುದಿಲ್ಲ. ಇಟ್ಟರೆ ಕೆಳಗಿನದೂ ಕುಸಿಯುತ್ತದೆ. ಇನ್ನೊಂದು ಸಂಗತಿ ಪೋಷಕರಿಗೆ ಮುಖ್ಯವಾದದ್ದು. ಅಮೆರಿಕದ ಎಂಐಟಿಯ ರಸಾಯನಶಾಸ್ತ್ರ ತರಗತಿಯೊಂದರ ವಿದ್ಯಾರ್ಥಿಗಳ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ ಇಡೀ ಸೆಮಿಸ್ಟರ್ ನೋಡಿದ ಅಧ್ಯಯನ 2019ರಲ್ಲಿ ಬಂತು. ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ದೆಗೂ ಅಂಕಕ್ಕೂ ಅದರಲ್ಲಿ ನಂಟು ಕಾಣಲಿಲ್ಲ. ನಂಟು ಕಂಡದ್ದು ಅದಕ್ಕೂ ಮುಂಚಿನ ವಾರ, ತಿಂಗಳುಗಳ ನಿದ್ದೆಯೊಂದಿಗೆ. ಮೂರು ತಿಂಗಳು ಮಗುವನ್ನು ನಿದ್ದೆಗೆಡಿಸಿ, ಪರೀಕ್ಷೆಯ ಮುನ್ನಾದಿನ ‘ಇವತ್ತು ಬೇಗ ಮಲಗು’ ಎಂದರೆ ಕಳೆದದ್ದು ಮರಳುವುದಿಲ್ಲ.

ಹಾಗಾದರೆ ಓದುವುದು ಯಾವಾಗ, ಹೇಗೆ? ನಮ್ಮಲ್ಲಿ ಓದು ಎಂದರೆ ಬಹುತೇಕ ಬಾಯಿಪಾಠ. ನೋಟ್ಸು ತೆರೆದಿಟ್ಟು ಅದೇ ಪ್ರಶ್ನೋತ್ತರವನ್ನು ಹತ್ತು ಸಲ ಉರು ಹೊಡೆಯುವುದು. ಹತ್ತನೆಯ ಸಲಕ್ಕೆ ಸಾಲುಗಳು ಸಲೀಸಾಗಿ ಬರುತ್ತವೆ, ಮಗುವಿಗೂ ಕೇಳುವವರಿಗೂ ಬಂತೆನಿಸುತ್ತದೆ. ಆ ಭಾವನೆ ಮೋಸದ್ದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು ನಡೆಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದದ್ದು ಶೇ 42, ಮುಚ್ಚಿಟ್ಟು ಬರೆದವರಿಗೆ ಶೇ 56. ಪರೀಕ್ಷೆ ಬರುವುದು ಐದು ನಿಮಿಷದ ನಂತರವಲ್ಲ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು, ಮತ್ತು ಒಂದೇ ದಿನ ತಿಕ್ಕುವ ಬದಲು ಇಂದು, ನಾಳಿದ್ದು, ಮುಂದಿನ ವಾರ ಎಂದು ಬಿಡಿಸಿ ಓದುವುದು, ಈ ಎರಡು ವಿಧಾನಗಳು ಕಲಿಕೆಯ ಸಂಶೋಧನೆಯಲ್ಲಿ ಗಟ್ಟಿಯಾಗಿ ನಿಂತಿವೆ. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ದರ್ಜೆಗೆ ಇಳಿದಿವೆ. ಈ ಒಳ್ಳೆಯ ವಿಧಾನಗಳಿಗೆ ಹೊತ್ತು ಕಡಿಮೆ ಸಾಕು, ಆದರೆ ಎಚ್ಚರವಾದ ತಲೆ ಬೇಕು. ತೂಕಡಿಸುತ್ತ ಬಾಯಿಪಾಠ ಮಾಡಬಹುದು, ತೂಕಡಿಸುತ್ತ ಲೆಕ್ಕ ಬಿಡಿಸಲಾಗದು. ನಿದ್ದೆಗೆಟ್ಟ ಮಗು ಸಹಜವಾಗಿಯೇ ಸುಲಭದ, ಪ್ರಯೋಜನವಿಲ್ಲದ ವಿಧಾನಕ್ಕೆ ಜಾರುತ್ತದೆ. ಕೆಟ್ಟ ಓದು ಹೆಚ್ಚು ಹೊತ್ತು ಕೇಳುತ್ತದೆ, ಆ ಹೊತ್ತು ಮತ್ತೆ ನಿದ್ದೆಯಿಂದಲೇ ಬರಬೇಕಾಗುತ್ತದೆ.

‘ಬೆಳಗಿನ ಜಾವದ ಓದೇ ಶ್ರೇಷ್ಠ, ಹಿರಿಯರು ಸುಮ್ಮನೆ ಹೇಳಿದರೇ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಿರಿಯರ ಮಾತನ್ನು ಪೂರ್ತಿ ಕೇಳೋಣ. ನಾಲ್ಕಕ್ಕೆ ಏಳುತ್ತಿದ್ದವರು ವಿದ್ಯುತ್ ಇಲ್ಲದ ಊರಿನಲ್ಲಿ ಎಂಟಕ್ಕೇ ಮಲಗುತ್ತಿದ್ದರು. ಏಳುವ ಹೊತ್ತನ್ನು ಮಾತ್ರ ಉಳಿಸಿಕೊಂಡು ಮಲಗುವ ಹೊತ್ತನ್ನು ನಾವು ಬಿಟ್ಟಿದ್ದೇವೆ. ಬ್ರಾಹ್ಮೀ ಮುಹೂರ್ತದ ಲೆಕ್ಕವೂ ಗಡಿಯಾರದ್ದಲ್ಲ, ಸೂರ್ಯನದು: ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಆರಂಭವಾಗಿ 48 ನಿಮಿಷ ಮುಂಚೆ ಮುಗಿಯುತ್ತದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ. ಅಫಜಲಪುರದ ಸೀಮೆ ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ, ಹಾಗಾಗಿ ಇಲ್ಲಿಯ ಸೂರ್ಯ ಗಡಿಯಾರಕ್ಕಿಂತ ಇಪ್ಪತ್ತೈದು ನಿಮಿಷದಷ್ಟು ಹಿಂದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮಾರ್ಚ್ ತಿಂಗಳಲ್ಲಿ ಹೊತ್ತು ಮೂಡುವುದು ಆರೂವರೆಯ ಆಸುಪಾಸು. ಅಂದರೆ ಶಾಸ್ತ್ರದ ಪ್ರಕಾರವೂ ಬ್ರಾಹ್ಮೀ ಮುಹೂರ್ತ ಐದರ ಸುಮಾರಿಗೆ ಶುರು. ನಾಲ್ಕಕ್ಕೆ ಎಬ್ಬಿಸಿದ ಮಗು ಸೂರ್ಯನ ಲೆಕ್ಕದಲ್ಲಿ ಮೂರೂವರೆಗೆ ಎದ್ದಿರುತ್ತದೆ. ಹದಿವಯಸ್ಸಿನಲ್ಲಿ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವ ಹೊತ್ತು ತಡವಾಗುವುದರಿಂದ ನಿದ್ದೆ ಬರುವುದೂ ತಡ, ಬಿಡುವುದೂ ತಡ. ಹದಿನೈದರ ಮಗುವನ್ನು ಸೋಮಾರಿ ಎಂದು ಬೈಯುವಾಗ ಈ ದೇಹಧರ್ಮ ನೆನಪಿರಬೇಕು. ಹೊತ್ತು ಮುಳುಗುವ ಸಮಯಕ್ಕೂ ಮಕ್ಕಳ ನಿದ್ದೆಗೂ ಇರುವ ನಂಟನ್ನು ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಭಾರತದ ಅಂಕಿಅಂಶಗಳಲ್ಲೇ ಪರಿಶೀಲಿಸಿದ್ದಾರೆ. ಹೊತ್ತು ಒಂದು ಗಂಟೆ ತಡವಾಗಿ ಮುಳುಗುವ ಕಡೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆ, ಕಲಿಕೆಯೂ ಕಡಿಮೆ. ಪೆಟ್ಟು ಹೆಚ್ಚು ಬೀಳುವುದು ಬಡವರ ಮಕ್ಕಳಿಗೆ.

ಹಾಗೆಂದು ಕಲಬುರಗಿಯ ಫಲಿತಾಂಶವನ್ನು ನಿದ್ದೆಯ ಮೇಲೆ ಹಾಕಿ ಕೈತೊಳೆದುಕೊಳ್ಳಬಾರದು. ಮಂಗಳೂರು ಅಫಜಲಪುರಕ್ಕಿಂತಲೂ ಪಶ್ಚಿಮಕ್ಕಿದೆ, ಅಲ್ಲಿ ಹೊತ್ತು ಇನ್ನೂ ತಡವಾಗಿ ಮುಳುಗುತ್ತದೆ. ಆದರೂ 2025ರಲ್ಲಿ ದಕ್ಷಿಣ ಕನ್ನಡವೇ ಮೊದಲ ಸ್ಥಾನದಲ್ಲಿತ್ತು. ಎರಡು ಜಿಲ್ಲೆಗಳ ಅಂತರಕ್ಕೆ ಬೇರೆ ಕಾರಣಗಳಿವೆ: ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳು, ತಲೆಮಾರುಗಳ ಅನಕ್ಷರತೆ, ಪುಣೆ–ಮುಂಬೈಗೆ ಗುಳೆ ಹೋಗುವ ಕುಟುಂಬಗಳು, ಓದಲು ಬರೆಯಲು ಗಟ್ಟಿಯಾಗಿ ಕಲಿಯದೆಯೇ ಎಂಟನೇ ತರಗತಿಗೆ ಬಂದು ನಿಲ್ಲುವ ಮಕ್ಕಳು. ಇವುಗಳನ್ನು ಸರಿಪಡಿಸದೆ ನಿದ್ದೆಯೊಂದರಿಂದ ಏನೂ ಆಗದು. ಆದರೆ ಇದೇ ಮಾತು ವಿಶೇಷ ತರಗತಿಗೂ ಅನ್ವಯಿಸುತ್ತದೆ. ಗಣಿತದ ಶಿಕ್ಷಕರಿಲ್ಲದೆ ಕಳೆದ ಎರಡು ವರ್ಷವನ್ನು ಎರಡು ತಿಂಗಳ ನಸುಕಿನ ಓದು ತುಂಬಿಕೊಡಲಾರದು. ವ್ಯವಸ್ಥೆ ಮಾಡಿದ ಸಾಲವನ್ನು ಮಗುವಿನ ನಿದ್ದೆಯಿಂದ ತೀರಿಸಲು ಹೊರಟಿದ್ದೇವೆ ಎಂಬುದೇ ನನ್ನ ತಕರಾರು.

‘ಬಡವರ ಮಕ್ಕಳಿಗೆ ಬೆವರೊಂದೇ ಬಂಡವಾಳ, ಅದನ್ನೂ ಬೇಡವೆಂದರೆ ಹೇಗೆ’ ಎಂಬ ಪ್ರಶ್ನೆ ಇನ್ನೂ ಗಂಭೀರವಾದದ್ದು. ಅದಕ್ಕೆ ಉತ್ತರ ಕೊಡುವಾಗ ನನ್ನ ವಾದಕ್ಕೇ ತೊಡಕಾಗುವ ಒಂದು ಸಂಶೋಧನೆಯನ್ನು ಮರೆಮಾಚಬಾರದು. ಚೆನ್ನೈನ ಬಡ ದುಡಿಮೆಗಾರರು 452 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವದು. ಅವರು ರಾತ್ರಿ ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಮಾಡುತ್ತಿದ್ದದ್ದು ಐದೂವರೆ ಗಂಟೆ ಮಾತ್ರ. ರಾತ್ರಿ ನಿದ್ದೆಯನ್ನು 27 ನಿಮಿಷ ಹೆಚ್ಚಿಸಿದರೂ ದುಡಿಮೆಯಲ್ಲಾಗಲಿ, ಬುದ್ಧಿಯ ಚುರುಕಿನಲ್ಲಾಗಲಿ ಹೇಳಿಕೊಳ್ಳುವ ಬದಲಾವಣೆ ಬರಲಿಲ್ಲ. ಮಧ್ಯಾಹ್ನ ಅರ್ಧ ಗಂಟೆ ನೆಮ್ಮದಿಯಾಗಿ ಮಲಗಲು ಜಾಗ ಕೊಟ್ಟಾಗ ಬಂತು. ಇದು ವಯಸ್ಕರ ಮೇಲಿನ ಪ್ರಯೋಗ, ಮಕ್ಕಳ ಮೇಲಿನದಲ್ಲ. ಆದರೂ ಮುರಿದು ಮುರಿದು ಬರುವ ನಿದ್ದೆಗೆ ಗಂಟೆ ಸೇರಿಸಿದರಷ್ಟೇ ಸಾಲದು, ನಿದ್ದೆ ಬರುವಂಥ ಜಾಗವೂ ಬೇಕು ಎಂಬ ಪಾಠ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆಯಿದು, ಹಗಲು ಕಾದ ಮನೆ ನಡುರಾತ್ರಿಯವರೆಗೂ ಆರುವುದಿಲ್ಲ. ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಸೊಳ್ಳೆ ಮುತ್ತುತ್ತದೆ. ಪಂಪ್‌ಸೆಟ್ಟಿಗೆ ರಾತ್ರಿ ವಿದ್ಯುತ್ ಕೊಟ್ಟರೆ ಅಪ್ಪ ಕಬ್ಬಿಗೆ ನೀರು ಬಿಡಲು ಏಳುತ್ತಾನೆ, ಒಂದೇ ಕೋಣೆಯ ಮನೆಯಲ್ಲಿ ಎಲ್ಲರೂ ಏಳುತ್ತಾರೆ. ಇಂಥ ಮನೆಗಳ ಮಕ್ಕಳ ನಿದ್ದೆ ಮೊದಲೇ ತೆಳು. ಅದರಿಂದ ಇನ್ನೆರಡು ಗಂಟೆ ಕಡಿದರೆ ಉಳ್ಳವರ ಮಗುವಿಗೂ ಇವರಿಗೂ ನಡುವಿನ ಅಂತರ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಬೆವರು ಬೇಡವೆಂದು ಯಾರೂ ಹೇಳುತ್ತಿಲ್ಲ, ಅದು ಹಗಲಲ್ಲಿ ಹರಿಯಲಿ.

ಹಗಲಿನಲ್ಲಿ ಅವಕಾಶವಿದೆಯೇ? ಇದೆ. ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಯ ಗಂಟೆಯನ್ನು 7.50ರಿಂದ 8.45ಕ್ಕೆ ಒಯ್ದಿತು. ಮಕ್ಕಳ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತು. ಶಾಲೆ ತಡವಾಗಿ ಶುರುವಾದರೆ ಮಕ್ಕಳು ತಡವಾಗಿಯೇ ಮಲಗುತ್ತಾರೆ ಎಂಬ ಅನುಮಾನ ಸುಳ್ಳಾಯಿತು. ನಮ್ಮ ಸರ್ಕಾರಿ ಪ್ರೌಢಶಾಲೆಗಳ ಗಂಟೆ ಹೊಡೆಯುವುದು ಹತ್ತರ ಹೊತ್ತಿಗೆ. ಅವರು ಹೋರಾಡಿ ಪಡೆದದ್ದು ನಮ್ಮ ಮಕ್ಕಳಿಗೆ ಮೊದಲಿನಿಂದಲೂ ಇದೆ, ವಿಶೇಷ ತರಗತಿಯ ಹೆಸರಿನಲ್ಲಿ ನಾವೇ ಅದನ್ನು ಕಳೆಯುತ್ತಿದ್ದೇವೆ. ನೆರೆಯ ಮಹಾರಾಷ್ಟ್ರ ನಾಲ್ಕನೇ ತರಗತಿವರೆಗಿನ ಶಾಲೆಗಳು ಬೆಳಿಗ್ಗೆ 9ಕ್ಕಿಂತ ಮುಂಚೆ ಆರಂಭವಾಗಬಾರದೆಂದು 2024ರ ಫೆಬ್ರುವರಿಯಲ್ಲಿ ಆದೇಶಿಸಿತು. ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಮಣ್ಣೂರಿನಿಂದ ಗಡಿ ದಾಟಿದರೆ ಸಿಗುವ ಅಕ್ಕಲಕೋಟೆ ಆ ರಾಜ್ಯದ್ದೇ. ಒಂದು ಸರ್ಕಾರ ಮಗುವಿನ ನಿದ್ದೆಯನ್ನು ಆದೇಶದ ವಿಷಯವಾಗಿಸಬಲ್ಲದು ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆ ಸಾಕು.

ಕಲಬುರಗಿಯ ಶಿಕ್ಷಣ ಇಲಾಖೆ ಮತ್ತು ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ ಇಷ್ಟು. ಬರುವ ಪರೀಕ್ಷೆಗೆ ವೇಳಾಪಟ್ಟಿ ಬರೆಯುವಾಗ ಮೊದಲು ಎಂಟು ಗಂಟೆ ನಿದ್ದೆಯನ್ನು ಬರೆದುಕೊಳ್ಳಿ, ಉಳಿದದ್ದನ್ನು ಆಮೇಲೆ ಹಂಚಿ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಆರರ ನಂತರ ಯಾವ ವಿಶೇಷ ತರಗತಿಯೂ ಬೇಡ. ದಿನದ ಕೊನೆಯ ಅವಧಿಯನ್ನು ಹೊಸ ಪಾಠಕ್ಕೆ ಬಳಸದೆ, ಮೂರು ದಿನದ ಹಿಂದಿನದನ್ನೂ ಕಳೆದ ವಾರದ್ದನ್ನೂ ಪುಸ್ತಕ ಮುಚ್ಚಿ ಬರೆಸಲು ಮೀಸಲಿಡಿ. ಮನೆಯಲ್ಲಿ ಓದಲು ಜಾಗವಿಲ್ಲದ ಮಗುವಿಗೆ ಶಾಲೆಯ ಆ ಒಂದು ಗಂಟೆಯೇ ನಿಜವಾದ ಅಭ್ಯಾಸ. ಹಾಸ್ಟೆಲ್ಲುಗಳಲ್ಲಿ ರಾತ್ರಿ ಒಂಬತ್ತೂವರೆಗೆ ದೀಪ ಆರಲಿ, ಸೊಳ್ಳೆಪರದೆ ಮತ್ತು ಫ್ಯಾನಿನ ಖರ್ಚನ್ನು ಗೈಡುಗಳ ಖರ್ಚಿಗಿಂತ ಮುಂಚೆ ಲೆಕ್ಕ ಹಾಕಿ. ಪೋಷಕರು ಮಕ್ಕಳ ಮೊಬೈಲನ್ನು ಮಲಗುವ ಜಾಗದಿಂದ ದೂರವಿಡಲಿ. ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಲು ಫೋನ್ ಮಾಡುವ ಶಿಕ್ಷಕರು ಅದೇ ಕಾಳಜಿಯಿಂದ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ, ಪುಸ್ತಕ ಮುಚ್ಚಿ ಮಲಗು ಎಂದು ಹೇಳಲಿ.