ಎರಡು ರಾತ್ರಿ ಬಂಟ್ವಾಳ ಪೇಟೆಯಲ್ಲಿ

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಟ್ಯಾಲಿನ್ ಎಸ್ಟೋನಿಯಾದ ರಾಜಧಾನಿ, ಹಳೆಯ ಬಂದರು. ಅಲ್ಲಿನ ಪಿಕ್ ಬೀದಿಯಲ್ಲಿ ಒಂದಕ್ಕೊಂದು ಆತುಕೊಂಡು ನಿಂತ ಮೂರು ಮನೆಗಳಿವೆ. 1362ರ ಕಾಲದ ವರ್ತಕರ ಮನೆಗಳವು. ಆ ಊರಿನ ವರ್ತಕರ ಮನೆಯ ಕ್ರಮವೇ ಹಾಗೆ: ಕೆಳಗೆ ಸಂಸಾರ ಮತ್ತು ವ್ಯವಹಾರ, ಮೇಲೆ ಅಟ್ಟದ ತುಂಬ ಸರಕು, ಮೂಟೆ ಎತ್ತಲು ಮಾಡಿನ ಹತ್ತಿರದಿಂದ ಬೀದಿಗೆ ಚಾಚಿದ ತೊಲೆ. ಇವತ್ತು ಆ ಮೂರೂ ಮನೆ ಸೇರಿ ‘ತ್ರೀ ಸಿಸ್ಟರ್ಸ್’ ಎಂಬ ಐಷಾರಾಮಿ ಹೋಟೆಲ್ ಆಗಿದೆ. ಹಿಂದೆ ವರ್ತಕರಿದ್ದ ಮನೆಯಲ್ಲಿ ಎರಡು ರಾತ್ರಿ ಮಲಗಿ ಏಳುವುದಕ್ಕೆ ಜನ ದೂರದೂರದಿಂದ ಬಂದು ದುಡ್ಡು ಸುರಿಯುತ್ತಾರೆ.

ಕರಾವಳಿಯಿಂದಲೂ ಹೋಗುವವರಿದ್ದಾರೆ. ಷೆಂಗೆನ್ ವೀಸಾಕ್ಕೆ ತಲಾ 90 ಯೂರೋ, ಬೆರಳಚ್ಚು, ಬ್ಯಾಂಕ್ ಸ್ಟೇಟ್‌ಮೆಂಟ್, ನಡುವೆ ವಿಮಾನ ಬದಲಿಸುವ ತಾಪತ್ರಯ. ಎಲ್ಲ ಮುಗಿಸಿ ಹೋಗಿ ಬರಲಿ, ಟ್ಯಾಲಿನ್ ನೋಡತಕ್ಕ ಊರೇ. ಆದರೆ ಅಂಥದೇ ವ್ಯಾಪಾರದ ಬೀದಿ ಮಂಗಳೂರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿದೆ, ಅಲ್ಲಿ ರಾತ್ರಿ ತಂಗುವ ಯೋಚನೆ ಯಾರಿಗೂ ಬರುವುದಿಲ್ಲ ಎಂಬುದು ಮಾತ್ರ ಸೋಜಿಗ.

ಬಂಟ್ವಾಳ ಸಮುದ್ರದ ಬಂದರಲ್ಲ, ನೇತ್ರಾವತಿಯ ಬಂದರು. ಮಂಗಳೂರಿನಿಂದ ಸರಕಿನ ದೋಣಿಗಳು ಹೊಳೆಯಲ್ಲಿ ಇಲ್ಲಿಯವರೆಗೆ ಬರುತ್ತಿದ್ದವು. ಚಾರ್ಮಾಡಿ ಕಡೆಯ ದಾರಿಯೂ ಸಂಪಾಜೆ ಕಡೆಯ ದಾರಿಯೂ ಇಲ್ಲಿಗೆ ಇಳಿಯುತ್ತಿದ್ದವು. ಘಟ್ಟದ ಕಾಫಿ, ಅಡಿಕೆ, ಅಕ್ಕಿ ಎತ್ತಿನ ಗಾಡಿಯಲ್ಲಿ ಬಂದು ಇಲ್ಲಿ ದೋಣಿ ಹತ್ತಬೇಕು, ಕಡಲ ಕಡೆಯ ಉಪ್ಪು ಇಲ್ಲಿ ಗಾಡಿ ಹತ್ತಬೇಕು. ಆ ವ್ಯವಹಾರದಿಂದ ಬೆಳೆದದ್ದು ಪೇಟೆ. ಇಕ್ಕಟ್ಟಾದ ಬೀದಿಗೆ ಮುಖ ಮಾಡಿದ ಅಂಗಡಿ, ಅದರ ಹಿಂದೆ ಮನೆ, ಮೇಲೆ ಹಂಚಿನ ಮಾಡು, ಬೆನ್ನ ಹಿಂದೆ ಹೊಳೆ. ಗೌಡ ಸಾರಸ್ವತ ವರ್ತಕರ ತಿರುಮಲ ವೆಂಕಟರಮಣ ದೇವಸ್ಥಾನ ಈ ಪೇಟೆಯಲ್ಲೇ ಇದೆ. ಬಾಗಿಲ ಮುಂದಿನ ಜಗಲಿಯ ಮೇಲೆ ಕೂತು ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕರಲ್ಲೂ ಲೆಕ್ಕ ಮಾಡಿದ ಊರು ಇದು.

ಲಾರಿ ಬಂತು, ದೋಣಿ ಹೋಯಿತು. ಹೆದ್ದಾರಿ ಪೇಟೆಯನ್ನು ಬದಿಗಿಟ್ಟು ಬಿ.ಸಿ.ರೋಡ್ ಹಿಡಿಯಿತು. ಬಂಟ್ವಾಳ ಕ್ರಾಸ್ ರೋಡ್ ಎಂಬ ಬರೇ ತಿರುವು ಊರಿಗಿಂತ ದೊಡ್ಡದಾಯಿತು. ಅದಕ್ಕೆ ಸರಿಯಾಗಿ ನೇತ್ರಾವತಿಯೂ ಸುಮ್ಮನಿರಲಿಲ್ಲ. 1923ರ ಮತ್ತು 1974ರ ನೆರೆಗಳು ಪೇಟೆಯೊಳಗೆ ನುಗ್ಗಿದ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ.

ಹೀಗೆ ವ್ಯಾಪಾರ ಬೇರೆಡೆಗೆ ಸರಿದದ್ದರಿಂದಲೇ ಪೇಟೆಯ ಹಳೆ ಮನೆಗಳು ಕೆಲವಾದರೂ ಉಳಿದವು. ಟ್ಯಾಲಿನ್‌ನ ಕಥೆಯೂ ಹೆಚ್ಚುಕಡಿಮೆ ಇದೇ. ಹಾನ್ಸಾ ವರ್ತಕರ ಒಕ್ಕೂಟದ ಭರಾಟೆ ಇಳಿದ ಮೇಲೂ ಹಳೆಯ ಬೀದಿಗಳು ಹಾಗೇ ನಿಂತವು, 1997ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು.

ಬಂಟ್ವಾಳದಲ್ಲಿ ಕೋಣೆ ಸಿಕ್ಕಿತೆಂದೇ ಇಟ್ಟುಕೊಳ್ಳಿ, ನೋಡಲು ಏನಿದೆ? ಮೊದಲು ಮೂಡುಬಿದಿರೆಗೆ ಹೋಗಬೇಕು. ಸಾವಿರ ಕಂಬದ ಬಸದಿ 1430ರದ್ದು. ಟ್ಯಾಲಿನ್‌ನ ವರ್ತಕರು ತಮ್ಮ ಮಹಾ ಸಂಘದ ಸಭಾಭವನ ಕಟ್ಟಿ ಮುಗಿಸಿದ್ದು 1410ರಲ್ಲಿ. ಎರಡೂ ಊರುಗಳಲ್ಲಿ ವ್ಯಾಪಾರದ ಹಣ ಕಲ್ಲಾದದ್ದು ಒಂದೇ ತಲೆಮಾರಿನಲ್ಲಿ. ಬಂದವರು ಸಾಮಾನ್ಯವಾಗಿ ತಲೆ ಎತ್ತಿ ಕಂಬ ಎಣಿಸುತ್ತಾರೆ, ಯಾವ ಎರಡು ಕಂಬವೂ ಒಂದೇ ಥರ ಇಲ್ಲ ಎಂದು ಗೈಡು ಹೇಳಿದ್ದಕ್ಕೆ ತಲೆದೂಗಿ ಹೊರಡುತ್ತಾರೆ. ತಗ್ಗಿ ನೋಡಬೇಕು. ಬಸದಿಯ ಭೈರಾದೇವಿ ಮಂಟಪದ ಕೆಳಗಿನ ಪಟ್ಟಿಕೆಯಲ್ಲಿ ಅಂಗೈಯಷ್ಟರಲ್ಲಿ ಒಂದು ಜಿರಾಫೆ ನಿಂತಿದೆ, ಇನ್ನೊಂದೆಡೆ ಚೀನಾದ ಡ್ರ್ಯಾಗನ್. ತುಳುನಾಡಿನ ಕಾಡಿನಲ್ಲಿ ಜಿರಾಫೆ ಎಲ್ಲಿಯದು? ಆಫ್ರಿಕಾ ಮತ್ತು ಚೀನಾದ ಸುದ್ದಿ ಹೊತ್ತು ಬಂದ ಕಡಲ ವ್ಯಾಪಾರ ಅದನ್ನು ಶಿಲ್ಪಿಯ ಉಳಿಯವರೆಗೆ ತಂದಿತು. ಉಳ್ಳಾಲದ ಬಂದರನ್ನೂ ಮೂಡುಬಿದಿರೆಯನ್ನೂ ಆಳಿದವರು ಒಂದೇ ಚೌಟ ಮನೆತನ. ಅವರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಣ್ಣುಗಳು ಸೇರಿ ಆನೆಯಾದ, ಐದು ಹೆಣ್ಣುಗಳು ಸೇರಿ ಕುದುರೆಯಾದ ಕೆತ್ತನೆ ಇವತ್ತಿಗೂ ಇದೆ. ಇವನ್ನು ಅರ್ಧ ಗಂಟೆಯಲ್ಲಿ ಮುಗಿಸುವವರಿಗೆ ಏನೂ ಕಾಣಿಸುವುದಿಲ್ಲ.

ಬೆಳ್ತಂಗಡಿಯ ಕಡೆಗೆ ಇನ್ನೊಂದು ದಿನ. ಈ ಸುತ್ತು ಹೊಸದೇನಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸರ್ವೆಗೆ ಬಂದ ಫ್ರಾನ್ಸಿಸ್ ಬುಕಾನನ್ 1801ರಲ್ಲೇ ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ಜಮಾಲಾಬಾದ್, ವೇಣೂರು, ಮೂಡುಬಿದಿರೆ ನೋಡಿಕೊಂಡು ಹೋಗಿದ್ದ. ಜಮಾಲಾಬಾದ್ ಎಂದರೆ ಟಿಪ್ಪು 1794ರಲ್ಲಿ ಗಡಾಯಿಕಲ್ಲಿನ ನೆತ್ತಿಯಲ್ಲಿ ಕಟ್ಟಿಸಿದ ಕೋಟೆ. ವೇಣೂರಿನ 35 ಅಡಿಯ ಬಾಹುಬಲಿಯನ್ನು ಅಲ್ಲಿನ ಅರಸ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ. ಧರ್ಮಸ್ಥಳದ 39 ಅಡಿಯ ಬಾಹುಬಲಿ ಪ್ರತಿಷ್ಠೆಯಾದದ್ದು 1982ರಲ್ಲಿ. ಅಲ್ಲೇ ಮಂಜೂಷಾ ವಸ್ತುಸಂಗ್ರಹಾಲಯ. ಧರ್ಮಸ್ಥಳಕ್ಕೆ ಜನ ಬರುವುದಕ್ಕೇನೂ ಕೊರತೆಯಿಲ್ಲ. ಆದರೆ ಸ್ನಾನ, ದರ್ಶನ, ಊಟ, ಬಸ್ಸು. ಬಸ್ಸು ಮುಂದೆ ನಿಲ್ಲುವುದು ಸುಬ್ರಹ್ಮಣ್ಯದಲ್ಲೋ ಉಡುಪಿಯಲ್ಲೋ.

ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಎಂಬ ಈ ಮೂರು ತಾಲೂಕುಗಳಿಗೆ ‘ಲಕ್ಸುರಿ’ ಬರುವುದಾದರೆ ಹೇಗೆ ಬರುತ್ತದೆ ಎಂಬ ಅನುಭವ ಘಟ್ಟದ ಮೇಲಿನವರಿಗೆ ಈಗಾಗಲೇ ಆಗಿದೆ. ಗುಡ್ಡ ಜರಿದು ರೆಸಾರ್ಟ್, ಅದರ ನಡುವೆ ನೀಲಿ ಈಜುಕೊಳ, ರಾತ್ರಿ ಡಿಜೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ದಿಡುಪೆ ಕಡೆಯ ಗುಡ್ಡಗಳು ಕುಸಿದದ್ದನ್ನು ಕಂಡ ಬೆಳ್ತಂಗಡಿಗೆ ಅದು ಬೇಡವೇ ಬೇಡ. ಹೊಸ ಕಟ್ಟಡದ ಅಗತ್ಯವೇ ಇಲ್ಲ. ಪೇಟೆಯ ಮೂರು ನಾಲ್ಕು ಹಳೆ ಮನೆ ಸಾಕು. ಒಳ್ಳೆಯ ಹಾಸಿಗೆ, ಶುದ್ಧ ಬಚ್ಚಲು, ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ದಾಳಿತೋಯ್, ಸಂಜೆ ಗೋಳಿಬಜೆ, ಊರಿನ ಕಥೆ ಗೊತ್ತಿರುವ ಒಬ್ಬರು ಜೊತೆಗೆ. ಕಾರೈಕುಡಿಯ ಚೆಟ್ಟಿಯಾರರ ಮನೆಗಳಲ್ಲಿ, ಫೋರ್ಟ್ ಕೊಚ್ಚಿಯ ಹಳೆ ಬಂಗಲೆಗಳಲ್ಲಿ ಇದೇ ನಡೆಯುತ್ತಿದೆ, ದುಬಾರಿ ಬಾಡಿಗೆಗೇ ನಡೆಯುತ್ತಿದೆ.

ಅಡ್ಡಿಗಳು ಇಲ್ಲವೆಂದಲ್ಲ. ಒಂದು ಮನೆಗೆ ಹತ್ತು ಮಂದಿ ಪಾಲುದಾರರು, ಅರ್ಧ ಮಂದಿ ಮುಂಬೈ, ಉಳಿದವರು ದುಬೈ. ಪಾಲುಪಟ್ಟಿ ಆಗದೆ ಹಂಚು ಬದಲಿಸುವವರೇ ಇಲ್ಲ. ನೆರೆಯ ಭಯವಂತೂ ಇದ್ದೇ ಇದೆ. ಮಳೆಗಾಲದಲ್ಲಿ ನದಿ ಬದಿಯ ಕೋಣೆಗಳನ್ನು ಮುಚ್ಚಲೇಬೇಕು. ಹೆಚ್ಚಾದರೆ ಕೆಡುತ್ತದೆ ಎಂಬುದಕ್ಕೂ ಟ್ಯಾಲಿನ್ನೇ ಸಾಕ್ಷಿ. ಅಗ್ಗದ ವಿಮಾನ ಶುರುವಾದ ಮೇಲೆ ಮದುವೆಗೆ ಮುಂಚಿನ ಕುಡಿತದ ಪಾರ್ಟಿಗೆಂದು ಬರುವ ಹುಡುಗರ ದಂಡು, ಹಡಗಿನಿಂದ ಇಳಿದು ಸಂಜೆಯೊಳಗೆ ಹೊರಡುವ ಸಾವಿರಾರು ಜನ ಆ ಊರಿನವರ ತಲೆನೋವಾದರು. ಬಸದಿ, ದೇವಸ್ಥಾನಗಳ ನಡುವಿನ ಈ ಊರುಗಳು ಮೊದಲ ದಿನವೇ ಮಿತಿ ಹಾಕಿಕೊಳ್ಳಬೇಕು.

ಕೆಲಸ ಶುರುವಾಗಬೇಕಾದದ್ದು ಬಂಟ್ವಾಳ ಪುರಸಭೆಯಲ್ಲಿ. ಪೇಟೆಯ ಹಳೆ ಕಟ್ಟಡಗಳ ಪಟ್ಟಿ ಮಾಡಿ, ಪಾಲುದಾರರನ್ನು ಒಂದು ಮೇಜಿನ ಸುತ್ತ ಕೂರಿಸಿ, ದೀರ್ಘಾವಧಿಯ ಗುತ್ತಿಗೆಗೆ ಒಂದೇ ಒಂದು ಮನೆಯನ್ನಾದರೂ ಒಪ್ಪಿಸಲಿ. ಆ ಪಟ್ಟಿ ಕೈಗೆ ಬರುವವರೆಗೆ ರಸ್ತೆ ಅಗಲ ಮಾಡುವ ಹೆಸರಿನಲ್ಲಿ ಪೇಟೆಯ ಒಂದು ಜಗಲಿಯನ್ನೂ ಕೆಡವದಿರಲಿ.