ಅಧ್ಯಕ್ಷೆ ಊರಲ್ಲಿಲ್ಲದಾಗ

ನಾಯಕತ್ವ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತವರು. "ಅದೆಲ್ಲ ನಮಗ್ಯಾಕೆ, ಮನೆ ನೋಡಿಕೊಂಡರೆ ಸಾಕಪ್ಪ" ಅಂದುಬಿಡುತ್ತೇವೆ. ಆದರೆ ಸೋದರಿಯರೇ, ಈಗ ಹಾಗೆ ತಪ್ಪಿಸಿಕೊಳ್ಳುವ ಹಾಗಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಪಂಚಾಯಿತಿ, ಪುರಸಭೆಗಳಲ್ಲಿ ಮೂರರಲ್ಲೊಂದು ಸ್ಥಾನವನ್ನಾದರೂ ನಮಗೆ ಮೀಸಲಿಟ್ಟವು. ಕರ್ನಾಟಕದ ಪಂಚಾಯಿತಿಗಳಲ್ಲಿ ಈಗ ಅದು ಅರ್ಧ. ಸ್ತ್ರೀಶಕ್ತಿ ಸಂಘಗಳಂತೂ ಊರೂರಲ್ಲೂ ಇವೆ. ಇಂದಲ್ಲ ನಾಳೆ ಅಧ್ಯಕ್ಷೆಯ ಕುರ್ಚಿ ನಿಮ್ಮನ್ನೂ ಹುಡುಕಿಕೊಂಡು ಬಂದೀತು. ಬಂದರೆ ಹೇಗೆ ನಡೆಸುತ್ತೀರಿ?

ನಾಯಕರಲ್ಲಿ ಮೂರು ಬಗೆ ಅಂತ ತಿಳಿದವರು ಹೇಳುತ್ತಾರೆ. ಮೂರೂ ಬಗೆಯವರು ನಮ್ಮ ಮನೆಗಳಲ್ಲೇ ಇದ್ದಾರೆ ನೋಡಿ. ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ತೆಗೆಯದ ಅತ್ತೆ ಮೊದಲನೆಯ ಬಗೆ. ಅವರು ಹೇಳಿದ್ದೇ ಆಗಬೇಕು. "ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ರಮ್ಮಾ" ಎಂದು ಕೈತೊಳೆದುಕೊಳ್ಳುವವರು ಎರಡನೆಯ ಬಗೆ. ನಾಲ್ಕು ಜನರನ್ನು ಕೇಳಿ, ಯಾಕೆ ಹೀಗೆ ಎಂದು ತಿಳಿಸಿ, ತಾವೂ ಸೆರಗು ಬಿಗಿದು ಕೆಲಸಕ್ಕೆ ನಿಲ್ಲುವವರು ಮೂರನೆಯ ಬಗೆ.

ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಹತ್ತು ವರ್ಷದ ಆಸುಪಾಸಿನ ಹುಡುಗರ ಚಿಕ್ಕ ಚಿಕ್ಕ ಗುಂಪು ಮಾಡಿ, ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟು, ಒಬ್ಬೊಬ್ಬ ಹಿರಿಯರನ್ನು ನಾಯಕರಾಗಿಟ್ಟರು. ದರ್ಪದ ನಾಯಕ ಎದುರಿಗಿದ್ದಾಗ ಕೆಲಸವೇನೋ ಭರದಿಂದ ಸಾಗಿತು. ಅವರು ಕೋಣೆಯಿಂದ ಹೊರಗೆ ಹೋದದ್ದೇ ತಡ, ಕೈಗಳು ನಿಂತವು. ಕೆಲವು ಗುಂಪುಗಳಲ್ಲಿ ಹುಡುಗರೆಲ್ಲ ಸೇರಿ ಒಬ್ಬ ಪಾಪದವನ ಮೇಲೆ ಸಿಟ್ಟು ತೀರಿಸಿಕೊಂಡದ್ದೂ ಉಂಟು. ಹೇಳುವವರೇ ಇಲ್ಲದ ಗುಂಪಿನಲ್ಲಿ ಆಟವೇ ಹೆಚ್ಚು, ಕೆಲಸ ಕಡಿಮೆ. ಎಲ್ಲರನ್ನೂ ಕೇಳಿ ನಡೆಸುವ ನಾಯಕ ಎದ್ದು ಹೋದಾಗ ಮಾತ್ರ ಕೆಲಸ ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ದರ್ಪದ ನಾಯಕನೋ, ಕೇಳಿ ನಡೆಸುವ ನಾಯಕನೋ ಎಂದು ವಿಚಾರಿಸಿದರೆ 20 ಹುಡುಗರಲ್ಲಿ 19 ಮಂದಿ ಎರಡನೆಯವರೇ ಇಷ್ಟ ಎಂದರು. ಇನ್ನೊಂದು ವಿಷಯ ಕೇಳಿ. ಆ ಹಿರಿಯರೇ ಸರದಿಯ ಮೇಲೆ ಬೇರೆ ಬೇರೆ ಬಗೆಯಲ್ಲಿ ನಡೆಸಿದ್ದರು. ಅಂದಮೇಲೆ ಇದು ಹುಟ್ಟುಗುಣವಲ್ಲ, ಕಲಿಯಬಹುದಾದ ರೂಢಿ.

ನಮ್ಮ ದೇಶದ್ದೇ ಉದಾಹರಣೆ ಬೇಕೇ? ಲಿಜ್ಜತ್ ಹಪ್ಪಳ ಗೊತ್ತಲ್ಲ! 1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ಮನೆಯ ತಾರಸಿಯ ಮೇಲೆ ಹಪ್ಪಳ ಒತ್ತಿ ಶುರುಮಾಡಿದ್ದು. ಇಂದು ಸುಮಾರು 45 ಸಾವಿರ ಹೆಂಗಸರಿಗೆ ಅದು ದುಡಿಮೆ ಕೊಟ್ಟಿದೆ. ಅಲ್ಲಿ ಎಲ್ಲರೂ "ಸಹೋದರಿ"ಯರೇ, ಎಲ್ಲರೂ ಒಡತಿಯರೇ. ಲಾಭ ನಷ್ಟ ಎರಡರಲ್ಲೂ ಪಾಲು. ಸಂಸ್ಥೆ ನಡೆಸುವವರೂ ಆ ಸಹೋದರಿಯರ ನಡುವಿನಿಂದಲೇ ಬರುತ್ತಾರೆ. ಮೊದಲ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಕೆಲಸ ಒಬ್ಬರ ಮೇಲೆಯೇ ನಿಂತಿದ್ದರೆ ಇಷ್ಟು ವರ್ಷ ಬಾಳುತ್ತಿತ್ತೇ, ನೀವೇ ಹೇಳಿ.

ಹಾಗಂತ ಗದರಿಕೆಗೆ ಜಾಗವೇ ಇಲ್ಲ ಎಂದಲ್ಲ. ಸೀರೆಗೆ ಬೆಂಕಿ ತಗುಲಿದಾಗ ಸಭೆ ಸೇರಿಸಲಾದೀತೇ? ಆಗ ಒಬ್ಬರು ಹೇಳಬೇಕು, ಉಳಿದವರು ಓಡಬೇಕು. ನುರಿತ ಕೈಗೆ ಕೆಲಸ ಒಪ್ಪಿಸಿ ಸುಮ್ಮನಿರುವುದೂ ಒಳ್ಳೆಯದೇ. ಒಬ್ಬಟ್ಟು ತಟ್ಟುವುದರಲ್ಲಿ ಪಳಗಿದವಳಿಗೆ ಪಕ್ಕದಲ್ಲಿ ನಿಂತು ಪಾಠ ಹೇಳುವುದು ಬೇಡ. ಸಮಯ ನೋಡಿ ನಡೆಯುವುದೇ ಜಾಣತನ.

ಆದರೆ ದಿನನಿತ್ಯದ ಕೆಲಸಕ್ಕೆ ಮೂರು ಮಾತು ನೆನಪಿಡಿ. ಒಂದು, ಸಭೆಯಲ್ಲಿ ಬಾಯಿಬಿಡದೆ ಮೂಲೆಯಲ್ಲಿ ಕೂತವಳನ್ನು ಮೊದಲು ಕೇಳಿ. ಕೊನೆಗೆ ಕೇಳಿದರೆ ಅವಳು "ಎಲ್ಲರೂ ಹೇಳಿದ ಹಾಗೆ" ಅಂತಾಳೆ, ಅಷ್ಟೇ. ಎರಡು, ಸಂಘದ ಲೆಕ್ಕದ ಪುಸ್ತಕ ಬರೆಯುವುದನ್ನು ಕಡೇಪಕ್ಷ ಇನ್ನಿಬ್ಬರಿಗೆ ಕಲಿಸಿ. ಹಾಲು ಮಾರಿ, ಹೂ ಕಟ್ಟಿ ಉಳಿಸಿದ ದುಡ್ಡು ಅದು. ನೀವು ಕಾಯಿಲೆ ಬಿದ್ದ ದಿನ ಲೆಕ್ಕ ನಿಂತರೆ ಅನುಮಾನ ಹುಟ್ಟುತ್ತದೆ, ಅನುಮಾನ ಹುಟ್ಟಿದ ಸಂಘ ಉಳಿಯುವುದಿಲ್ಲ. ಮೂರು, ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಮನೆಯವರೇ ತಂದುಕೊಟ್ಟರೂ ಸರಿ. ಹೆಸರು ಹೆಂಡತಿಯದು, ಅಧಿಕಾರ ಗಂಡನದು ಎಂಬಂತಾದರೆ ನಮಗೆ ಸಿಕ್ಕಿದ ಸ್ಥಾನ ಬರೀ ಬೋರ್ಡಿನ ಮೇಲಿನ ಹೆಸರಾಗುತ್ತದೆ.

"ನಾನಿಲ್ಲದಿದ್ದರೆ ಇಲ್ಲಿ ಒಂದು ಕಡ್ಡಿಯೂ ಅಲ್ಲಾಡೋದಿಲ್ಲ" ಎಂದು ಹೆಮ್ಮೆ ಪಡುವುದು ನಮ್ಮಲ್ಲಿ ವಾಡಿಕೆ. ಅದು ಹೆಮ್ಮೆಯ ಮಾತಲ್ಲ, ಯೋಚಿಸಬೇಕಾದ ಮಾತು. ನಾಲ್ಕು ದಿನ ತವರಿಗೆ ಹೋದರೆ ಮನೆಯಲ್ಲಿ, ಸಂಘದಲ್ಲಿ ಏನೇನು ನಿಂತುಹೋಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ನೋಡಿ. ಹೊರಡುವ ಮೊದಲು ಕಲಿಸಿಕೊಡಬೇಕಾದದ್ದು ಅದನ್ನೇ.